ಕೂಡು

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯನ್ನು ಹೊಸನಗರ, ಸಾಗರದ ದಾರಿಯಲ್ಲಿ ಹರಿದ್ರಾವತಿ, ಎಣ್ಣೆಹೊಳೆಗಳು ಬಂದು ಕೂಡುತ್ತವೆ. ತೀರ್ಥಹಳ್ಳಿ ಪೇಟೆಯನ್ನು ಮುಟ್ಟಿ ಹರಿಯುವ ತುಂಗೆ ಭದ್ರೆಯನ್ನು ಕೂಡುವ ಊರಿಗೆ ಹೆಸರೇ ಕೂಡಲಿ. ಬಸವಣ್ಣನವರ ಕೂಡಲಸಂಗಮದಲ್ಲಂತೂ ಕನ್ನಡದ ಕೂಡಲೂ ಸಂಸ್ಕೃತದ ಸಂಗಮವೂ ಒಂದನ್ನೊಂದು ಕೂಡಿಕೊಂಡಿವೆ.

ತಮಿಳು, ಮಲಯಾಳ, ತೆಲುಗು, ತುಳುಗಳಲ್ಲೂ ಬದುಕಿರುವ ಹಳೆಯ ಧಾತು ಈ ‘ಕೂಡು’. ಮುರಿದ ಮೂಳೆ ಕೂಡುತ್ತದೆ, ಕಾಲ ಕೂಡಿಬರುತ್ತದೆ. ಕೂಟ, ಕೂಡ, ಕೂಡಲೇ ಎಲ್ಲ ಇದರ ಬಳಗವೇ. ನನ್ನನ್ನು ಹೆಚ್ಚು ಕಾಡಿದ್ದು ‘ಕೂಡದು’. ಹೊಂದದ್ದು, ಒದಗದ್ದು ಎಂಬ ಅರ್ಥವೇ ಬೆಳೆದು ಮಾಡಬಾರದ್ದು ಎಂದಾಗಿದೆ.

2025ರ ಜನವರಿ 16ರಂದು ಇಸ್ರೋದ ಸ್ಪೇಡೆಕ್ಸ್ ಉಪಗ್ರಹಗಳು ಒಂದಾದಾಗ ‘ಡಾಕಿಂಗ್’, ‘ಜೋಡಣೆ’ ಎಂಬ ಮಾತುಗಳು ಎಲ್ಲೆಡೆ ಕೇಳಿದವು. ಜೋಡಣೆ ನನಗೆ ಒಪ್ಪಲಿಲ್ಲ. ಜೋಡಿಸಲು ಮೂರನೆಯ ಕೈ ಬೇಕು. ಕೂಡುವವರು ತಾವೇ ಕೂಡಬೇಕು. ಸುಮಾರು 475 ಕಿ.ಮೀ. ಎತ್ತರದಲ್ಲಿ, ಸೆಕೆಂಡಿಗೆ 7.6 ಕಿ.ಮೀ. ಓಡುವ 220 ಕೆ.ಜಿ. ತೂಕದ ಎರಡು ಜೀವಗಳ ನಡುವೆ ಯಾರ ಕೈ ಹೋದೀತು?

ಹೊಳೆಗೆ ಇಳಿಜಾರು ಸಾಕು. ಕಕ್ಷೆಯ ನಡೆ ಬೇರೆ. ಮುಂದಿರುವವನನ್ನು ಹಿಡಿಯಲು ಜೋರಾಗಿ ನೂಕಿಕೊಂಡರೆ ಕಕ್ಷೆ ಮೇಲೇರಿ ಹಿಂದೆಯೇ ಉಳಿಯಬೇಕಾಗುತ್ತದೆ. ತುಸು ಕೆಳಗಿಳಿದವನೇ ಮುಂದೆ ಸಾಗುತ್ತಾನೆ. ಹಾಗಾಗಿ ಬೆನ್ನಟ್ಟುವ ‘ಚೇಸರ್’ 5 ಕಿ.ಮೀ., ಒಂದೂವರೆ ಕಿ.ಮೀ., 500 ಮೀಟರ್, 225, 15, 3 ಎಂದು ಘಟ್ಟಘಟ್ಟದಲ್ಲಿ ನಿಂತು ನಿಂತು ‘ಟಾರ್ಗೆಟ್’ನ ಬಳಿ ಸಾರಬೇಕಿತ್ತು. ಇಬ್ಬರ ನಡುವೆ ರೇಡಿಯೊ ಮಾತುಕತೆ: ನೀನೆಲ್ಲಿ, ನಾನೆಲ್ಲಿ. ಕೊನೆಯ ಸ್ಪರ್ಶದ ವೇಗ ಸೆಕೆಂಡಿಗೆ ಸುಮಾರು 10 ಮಿಲಿಮೀಟರ್. ಜನವರಿ 12ರಂದು 3 ಮೀಟರ್‌ವರೆಗೆ ಬಂದು, ಸುರಕ್ಷಿತ ದೂರಕ್ಕೆ ಮತ್ತೆ ಹಿಂದೆ ಸರಿದಿದ್ದವು. ಆ ದಿನದ ಮಟ್ಟಿಗೆ ಕೂಡದು ಎಂಬುದೇ ಸರಿಯಾದ ಮಾತು. ಆ ಸಂಯಮ ನನಗೆ ಬಹಳ ಹಿಡಿಸಿತು.

16ರಂದು ಕೂಡಿದರೂ 3 ಮೀಟರ್ ಬಳಿ ನೆಲದವರು ತಡೆದು ನಿಲ್ಲಿಸಿ, ಪರಿಶೀಲಿಸಿ ಮುಂದೆ ಬಿಟ್ಟಿದ್ದರು. ವ್ಯಾಕರಣದ ಲೆಕ್ಕದಲ್ಲಿ ಅದು ಕೂಡಿಸಿದ್ದು. ಮಾರ್ಚ್ 13ರಂದು ಅಗಲಿದವು. ಏಪ್ರಿಲ್ 20ರಂದು 15 ಮೀಟರ್‌ನಿಂದ ಮುಂದಕ್ಕೆ ಯಾರೂ ತಡೆಯಲಿಲ್ಲ. ಪೂರ್ತಿ ತಾವೇ ನಡೆದು ಕೂಡಿದವು.