ಎರಡು ಹೆಸರು, ಒಂದು ಮಗು

ಗಂಡುಮಗುವಿಗೆ ಮನೆತನದ ಹೆಸರೇ, ಬೇರೊಂದು ಹೆಸರೇ ಎಂಬ ತೊಡಕು ಶುಭಸಂದೇಶದಲ್ಲಿಯೇ ಕಾಣಿಸುತ್ತದೆ. ಎಂಟನೆಯ ದಿನ ಸುನ್ನತಿಗೆ ನೆರೆದ ಬಂಧುಗಳು ಶಿಶುವಿಗೆ ತಂದೆಯ ಹೆಸರಾದ ಜಕರೀಯ ಎಂದೇ ಇಡಹೊರಟರೆಂದು ಸಂತ ಲೂಕರು ಬರೆಯುತ್ತಾರೆ. ತಾಯಿ ಎಲಿಜಬೇತಳು ಯೊವಾನ್ನ ಎಂದಳು. ಆ ಹೆಸರಿನವರು ಕುಲದಲ್ಲಿ ಯಾರೂ ಇಲ್ಲವೆಂಬುದೇ ಬಂಧುಗಳ ಆಕ್ಷೇಪ. ಮಾತು ನಿಂತಿದ್ದ ತಂದೆ ಹಲಗೆಯ ಮೇಲೆ ಯೊವಾನ್ನ ಎಂದೇ ಬರೆದನು.

ಕುಲದ ಹೆಸರಿನ ಸೆಳೆತ ಅಷ್ಟಕ್ಕೇ ಅಡಗಲಿಲ್ಲ. 4ನೆಯ ಶತಮಾನದಲ್ಲಿ ಸಂತ ಯೊವಾನ್ನ ಕ್ರಿಸೋಸ್ತೋಮರು ಅಜ್ಜ ಮುತ್ತಜ್ಜರ ಹೆಸರಿಗಿಂತ ಪ್ರೇಷಿತರ, ರಕ್ತಸಾಕ್ಷಿಗಳ ಹೆಸರು ಲೇಸೆಂದು ಬೋಧಿಸಿದರು. ಅಂತಿಯೋಕ್ಯದ ಒಂದು ರೂಢಿಯನ್ನಂತೂ ಕಟುವಾಗಿ ಖಂಡಿಸಿದರು: ಹಲವು ದೀಪಗಳನ್ನು ಹಚ್ಚಿ, ಒಂದೊಂದಕ್ಕೂ ಒಂದೊಂದು ಹೆಸರಿಟ್ಟು, ಕೊನೆಯವರೆಗೆ ಉರಿದ ದೀಪದ ಹೆಸರನ್ನು ಮಗುವಿಗೆ ಇಡುತ್ತಿದ್ದರು, ಅದು ದೀರ್ಘಾಯುವಾಗುವುದೆಂದು. ಖಂಡನೆ ನ್ಯಾಯವಾದದ್ದೇ. ಆದರೂ ಎಳೆಯ ಮಕ್ಕಳು ಸುಲಭವಾಗಿ ಸಾಯುತ್ತಿದ್ದ ಕಾಲದಲ್ಲಿ ದೀಪ ಹಚ್ಚಿದ ತಾಯ್ತಂದೆಯರ ಭಯವನ್ನು ಪಾಲಕನಾದವನು ಕಡೆಗಣಿಸಲಾರನು.

ಲತೀನ್ ಧರ್ಮಸಭೆ ಹಿಡಿದ ದಾರಿ ಇನ್ನೂ ಮೃದುವಾದುದು. 1917ರ ಕಾನೂನು ಸಂಹಿತೆಯ 761ನೆಯ ವಿಧಿಯಂತೆ, ಶಿಶುವಿಗೆ ಕ್ರೈಸ್ತ ಹೆಸರಿಡುವಂತೆ ಧರ್ಮಕೇಂದ್ರದ ಗುರು ನೋಡಿಕೊಳ್ಳಬೇಕು. ಸಾಧ್ಯವಾಗದಿದ್ದರೆ ಹೆತ್ತವರಿಟ್ಟ ಹೆಸರಿಗೆ ಸಂತರೊಬ್ಬರ ಹೆಸರನ್ನು ಸೇರಿಸಿ, ಎರಡನ್ನೂ ಜ್ಞಾನಸ್ನಾನದ ಪುಸ್ತಕದಲ್ಲಿ ಬರೆಯಬೇಕು. ಹೆತ್ತವರ ಆಯ್ಕೆಯನ್ನು ಅಳಿಸಿಹಾಕುವ ಅಧಿಕಾರವನ್ನು ಆ ಕಟ್ಟುನಿಟ್ಟಿನ ಸಂಹಿತೆಯೂ ಗುರುವಿಗೆ ಕೊಡಲಿಲ್ಲ. 1983ರ ಸಂಹಿತೆಯ 855ನೆಯ ವಿಧಿ ಸಂತರ ಹೆಸರನ್ನು ಕಡ್ಡಾಯ ಮಾಡುವುದಿಲ್ಲ; ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಕೂಡದೆನ್ನುತ್ತದೆ, ಆ ಎಚ್ಚರವನ್ನು ಹೆತ್ತವರಿಗೂ ಜ್ಞಾನಪೋಷಕರಿಗೂ ಗುರುವಿಗೂ ಒಟ್ಟಾಗಿ ವಹಿಸುತ್ತದೆ. ಅರುಣ್ ಎನ್ನಲೇ ಅಂತೋಣಿ ಎನ್ನಲೇ ಎಂದು ಕೇಳುತ್ತ ನಮ್ಮ ಗುರುಮನೆಗೆ ಬರುವ ದಂಪತಿಗಳಿಗೆ ಎರಡೂ ಹೆಸರುಗಳು ತೆರೆದಿವೆ.