ನಿಹಾಲಿ ಭಾಷೆಯ ಮೂಲವಿಚಾರ

ಭಾಷೆಗಳೊಳಗಣ ಬಾಂಧವ್ಯವನ್ನು ನಿರ್ಣಯಿಸುವುದು ಸುಲಭಸಾಧ್ಯವಾದ ಕಾರ್ಯವಲ್ಲ. ಎರಡು ಭಾಷೆಗಳಲ್ಲಿ ಹತ್ತಾರು ಶಬ್ದಗಳು ಒಂದೇ ತೆರನಾಗಿ ಕೇಳಿಬಂದ ಮಾತ್ರದಿಂದ ಅವು ಒಡಹುಟ್ಟಿದವೆಂದು ಹೇಳಲಾಗದು. ನೆರೆಹೊರೆಯವರು ಕಾಳುಕಡ್ಡಿಗಳನ್ನು ಕಡ ಕೊಟ್ಟು ಕೊಳ್ಳುವಂತೆ ಭಾಷೆಗಳೂ ಶಬ್ದಗಳನ್ನು ಕೊಟ್ಟು ಕೊಳ್ಳುವುವು. ಮೂಲಶಬ್ದಗಳಲ್ಲಿ ನಿಯತವಾದ ಧ್ವನಿಸಂಬಂಧವೂ ಪ್ರತ್ಯಯಗಳಲ್ಲಿ ಸಾದೃಶ್ಯವೂ ಕಂಡುಬಂದಲ್ಲಿ ಮಾತ್ರ ಬಾಂಧವ್ಯವು ಸಿದ್ಧವಾಗುವುದು. ೧೮೧೬ರಲ್ಲಿ ಎಲ್ಲಿಸನೂ ೧೮೫೬ರಲ್ಲಿ ಕಾಲ್ಡ್‌ವೆಲ್ಲನೂ ಕನ್ನಡ, ತಮಿಳು, ತೆಲುಗುಗಳು ಸಂಸ್ಕೃತಜನ್ಯವಲ್ಲದ ಒಂದೇ ಕುಟುಂಬದವೆಂದು ತೋರಿಸಿಕೊಟ್ಟುದು ಇಂತಹ ಪರಿಶೀಲನೆಯಿಂದಲೇ.

ಈ ಪರೀಕ್ಷೆಗೆ ಒಳಪಟ್ಟೂ ಯಾವ ಕುಟುಂಬಕ್ಕೂ ಸೇರದೆ ಉಳಿದ ಭಾಷೆಗಳು ಜಗತ್ತಿನಲ್ಲಿ ಕೆಲವುಂಟು. ಪಿರೆನೀಸ್ ಪರ್ವತಪ್ರಾಂತದ ಬಾಸ್ಕ್ ಭಾಷೆಯೂ ಹುಂಜಾ ಕಣಿವೆಯ ಬುರುಶಸ್ಕಿಯೂ ಅಂತಹವು. ನಮ್ಮ ದೇಶದಲ್ಲಿ ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯ ಜಳಗಾಂವ್ ಜಾಮೋದ ಸೀಮೆಯಲ್ಲಿ, ಸಾತಪುಡಾ ಬೆಟ್ಟಗಳ ತಪ್ಪಲಲ್ಲಿ, ಸುಮಾರು ಎರಡು ಸಾವಿರ ಮಂದಿ ಆಡುವ ನಿಹಾಲಿಯೂ ಅಂತಹುದೇ.

ಗ್ರಿಯರ್ಸನ್ನನ ಭಾರತೀಯ ಭಾಷಾಸರ್ವೇಕ್ಷಣೆಯ ೧೯೦೬ರ ಸಂಪುಟದಲ್ಲಿ ಈ ಭಾಷೆಯನ್ನು ಮುಂಡಾ ವರ್ಗದ ಕೋರ್ಕುವಿನೊಡನೆ ಸೇರಿಸಲಾಗಿದ್ದಿತು. ಕೋರ್ಕು ಶಬ್ದಗಳು ಅದರಲ್ಲಿ ಹೇರಳವಾಗಿರುವುದೇನೋ ನಿಜ. ಎರಡಕ್ಕೆ ಇರಾರ್, ನಾಲ್ಕಕ್ಕೆ ನಾಲೊ ಎಂಬ ಸಂಖ್ಯಾವಾಚಕಗಳನ್ನು ಕೇಳಿದ ಕನ್ನಡಿಗನಿಗೆ ಇದು ನಮ್ಮ ನುಡಿಯ ನಂಟೆಂದು ತೋರದಿರದು. ಆದರೆ ಐದರಿಂದ ಮೇಲಣ ಸಂಖ್ಯೆಗಳು ಆರ್ಯಭಾಷೆಯವು. ಸಂಖ್ಯಾಪದಗಳೂ ಕಡವಾಗಿ ಬರುವುವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಡಚ್ ವಿದ್ವಾಂಸನಾದ ಕೈಪರನು ೧೯೬೨ರಲ್ಲಿ ಈ ಪರಕೀಯ ಅಂಶಗಳನ್ನೆಲ್ಲ ಬೇರ್ಪಡಿಸಿ ನೋಡಲಾಗಿ, ಸುಮಾರು ನಾಲ್ಕರಲ್ಲೊಂದು ಪಾಲು ಶಬ್ದಗಳಿಗೆ ಎಲ್ಲಿಯೂ ನೆಂಟು ದೊರೆಯಲಿಲ್ಲ. ನೀರಿಗೆ ಜೊಪ್ಪೊ ಎಂಬುದು ಅಂತಹ ಒಂದು ಮಾತು.

ಮೂಲವು ತಿಳಿಯದಿರುವಲ್ಲಿ ಸಂಶಯವು ಬೇಗನೆ ಹುಟ್ಟುವುದು. ಇದು ಕಳ್ಳರು ಕಟ್ಟಿಕೊಂಡ ಗೂಢಭಾಷೆಯಾಗಿರಬಹುದೇ ಎಂಬ ಶಂಕೆಯನ್ನು ಕೈಪರನೇ ಎತ್ತಿದನು. ಆದರೆ ನಿಹಾಲಿಯು ಮನೆಮಾತು. ಮಕ್ಕಳು ತಾಯಿಯ ಮಡಿಲಲ್ಲಿ ಕಲಿತ ನುಡಿ. ನೀರು, ಕಣ್ಣುಗಳಂತಹ ನಿತ್ಯದ ವಸ್ತುಗಳಿಗೆ ಸ್ವಂತ ಹೆಸರುಗಳುಳ್ಳ ಭಾಷೆಯನ್ನು ಕೇವಲ ಗುಪ್ತಸಂಕೇತವೆಂದು ತಳ್ಳಿಬಿಡುವುದು ನ್ಯಾಯವಲ್ಲ.

ನಮ್ಮ ವೈಯಾಕರಣರು ತತ್ಸಮ ತದ್ಭವಗಳನ್ನು ಕಳೆದು ಉಳಿದುದನ್ನು ದೇಶ್ಯವೆಂದು ಕರೆದರು. ಅಲ್ಲಿಂದ ಆ ಶಬ್ದಗಳಿಗೆ ಕುಂದೇನೂ ಬರಲಿಲ್ಲ. ನುಡಿಯ ತಿರುಳೇ ಅವುಗಳಲ್ಲಿ ಅಡಗಿದ್ದಿತು. ನಿಹಾಲಿಯಲ್ಲಿ ನೆಂಟುದೊರೆಯದ ಆ ಪಾಲು, ಈಗಿನ ಭಾಷಾಕುಟುಂಬಗಳು ನೆಲೆಗೊಳ್ಳುವ ಮೊದಲು ಮಧ್ಯಭಾರತದಲ್ಲಿ ಆಡುತ್ತಿದ್ದ ಮಾತಿನ ಅವಶೇಷವಾಗಿರಬಹುದು. ಆದರೆ ನಿಹಾಲರು ಕೋರ್ಕುವನ್ನೂ ಮರಾಠಿ ಹಿಂದಿಗಳನ್ನೂ ಆಶ್ರಯಿಸುತ್ತ ಬಂದಿರುವುದರಿಂದ ಈ ಭಾಷೆಯು ಅಳಿವಿನ ಅಂಚಿನಲ್ಲಿದೆ. ಶಾಸನ, ತಾಳೆಗರಿಗಳ ಆಸರೆ ಅದಕ್ಕಿಲ್ಲ. ಆಡುವವರ ನಾಲಗೆಯೇ ಅದರ ಭಂಡಾರ. ಕುಲವನ್ನು ನಿರ್ಣಯಿಸುವ ಕಾರ್ಯವು ಮುಂದೆಯೂ ನಡೆಯಬಹುದು. ನುಡಿಯನ್ನು ಬರೆದಿಟ್ಟುಕೊಳ್ಳುವ ಕಾರ್ಯವು ಮಾತ್ರ ಅದನ್ನಾಡುವ ಹಿರಿಯರು ಇರುವಾಗಲೇ ನಡೆಯತಕ್ಕದ್ದು.