ಶ್ರಮಕ್ಕೆ ತಕ್ಕ ಆಹಾರ: ಹೊಲದ ದುಡಿಮೆ ಮತ್ತು ವ್ಯಾಯಾಮದ ಮೊದಲು, ನಡುವೆ, ನಂತರ

ಪೀಠಿಕೆ

ರಾಯಚೂರು ತಾಲ್ಲೂಕಿನ ಶಕ್ತಿನಗರದ ಸುತ್ತಲಿನ ಗ್ರಾಮಗಳಲ್ಲಿ, ದೇವದುರ್ಗ ಹಾಗೂ ಮಾನ್ವಿ ತಾಲ್ಲೂಕುಗಳಲ್ಲಿ ದೇಹಶ್ರಮವೇ ಬಹುಪಾಲು ಕುಟುಂಬಗಳ ಜೀವನಾಧಾರ. ಭತ್ತದ ನಾಟಿ, ಕಳೆ ತೆಗೆಯುವುದು, ಹತ್ತಿ ಬಿಡಿಸುವುದು, ತೊಗರಿ ಕಟಾವು ಇವೆಲ್ಲ ದಿನಕ್ಕೆ ಆರೇಳು ಗಂಟೆಗಳ ಕಠಿಣ ಕೆಲಸ. ಇದೇ ಮನೆಗಳ ಯುವಕ ಯುವತಿಯರು ಪೊಲೀಸ್ ಮತ್ತು ಸೇನಾ ನೇಮಕಾತಿಗಾಗಿ ನಸುಕಿನಲ್ಲಿ ಓಟದ ಅಭ್ಯಾಸ ಮಾಡುತ್ತಾರೆ. ದುಡಿಮೆಯಾಗಲಿ ವ್ಯಾಯಾಮವಾಗಲಿ, ಸ್ನಾಯುಗಳ ಬೇಡಿಕೆ ಒಂದೇ ಬಗೆಯದು.

ಆದರೆ ಅನೇಕ ಮನೆಗಳಲ್ಲಿ ಒಂದು ಲೋಟ ಚಹಾ ಕುಡಿದು ಖಾಲಿ ಹೊಟ್ಟೆಯಲ್ಲಿ ಕೆಲಸಕ್ಕೆ ಹೋಗುವ ರೂಢಿಯಿದೆ. ತೊಗರಿ, ಶೇಂಗಾ ಪೂರ್ತಿ ಮಾರುಕಟ್ಟೆಗೆ ಹೋಗುತ್ತವೆ. ಅದೇ ಹಣದಲ್ಲಿ ಮಗನಿಗೆ ದುಬಾರಿ ಪ್ರೋಟೀನ್ ಪುಡಿಯ ಡಬ್ಬಿ ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಗೆ, ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗಕ್ಕೆ ನೀರು ತಂದ ನಂತರ ಭತ್ತದ ಕ್ಷೇತ್ರ ಹೆಚ್ಚಿತು. ತಟ್ಟೆಯಲ್ಲಿ ರೊಟ್ಟಿಯ ಜಾಗಕ್ಕೆ ಅನ್ನ ಬಂದಿತು. ಅನ್ನ ಕೆಟ್ಟದ್ದಲ್ಲ. ಅದರ ಜೊತೆ ಬೇಳೆ, ಕಾಳು, ಸೊಪ್ಪು ಕಡಿಮೆಯಾದಾಗ ದುಡಿಯುವ ದೇಹ ಸೊರಗುತ್ತದೆ.

ದೇಹಕ್ಕೆ ಎಷ್ಟು ಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ, ಮಧ್ಯಮ ಶ್ರಮದ 65 ಕೆ.ಜಿ. ತೂಕದ ಪುರುಷನಿಗೆ ದಿನಕ್ಕೆ 2,710 ಕಿಲೋ ಕ್ಯಾಲರಿ, ಕಠಿಣ ಶ್ರಮಕ್ಕೆ 3,470 ಕಿಲೋ ಕ್ಯಾಲರಿ ಶಕ್ತಿ ಬೇಕು. 55 ಕೆ.ಜಿ. ತೂಕದ ಮಹಿಳೆಗೆ ಇದು ಕ್ರಮವಾಗಿ 2,130 ಮತ್ತು 2,720. ಸಸಾರಜನಕ ಪ್ರತಿ ಕೆ.ಜಿ. ದೇಹತೂಕಕ್ಕೆ 0.83 ಗ್ರಾಂ. ನಿತ್ಯ ಓಟ, ಕುಸ್ತಿ, ಕಬಡ್ಡಿಯಂತಹ ತೀವ್ರ ಅಭ್ಯಾಸ ಮಾಡುವವರಿಗೆ 1.2ರಿಂದ 1.6 ಗ್ರಾಂ ಸಾಕಾಗುತ್ತದೆ.

ಪಿಷ್ಟವು ಸ್ನಾಯು ಹಾಗೂ ಯಕೃತ್ತಿನಲ್ಲಿ ಗ್ಲೈಕೋಜೆನ್ ರೂಪದಲ್ಲಿ ಸಂಗ್ರಹವಾಗಿ ದುಡಿಮೆಗೆ ಇಂಧನವಾಗುತ್ತದೆ. ಸವೆದ ಸ್ನಾಯುಗಳ ದುರಸ್ತಿಗೆ ಸಸಾರಜನಕ ಬೇಕು. ಜೋಳ, ಅಕ್ಕಿಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಬೇಳೆಕಾಳುಗಳಲ್ಲಿ ಅದು ಹೇರಳ. ಬೇಳೆಯಲ್ಲಿ ಕೊರತೆಯಿರುವ ಮೆಥಿಯೋನಿನ್ ಧಾನ್ಯದಲ್ಲಿದೆ. ಆದುದರಿಂದ ರೊಟ್ಟಿಯೊಂದಿಗೆ ಬೇಳೆ, ಉಸಳಿ ಅಥವಾ ಝುಣಕ ತಿನ್ನುವ ನಮ್ಮ ರೂಢಿಯು ವೈಜ್ಞಾನಿಕವಾಗಿ ಸರಿಯಾದುದು.

ಯಾವಾಗ, ಏನನ್ನು ತಿನ್ನಬೇಕು?

ಬೆಳೆಗೆ ಬಿತ್ತನೆಯ ವೇಳೆ ಮೂಲಗೊಬ್ಬರ, ನಂತರ ಮೇಲುಗೊಬ್ಬರ ಕೊಡುವಂತೆ ದೇಹಕ್ಕೂ ಆಹಾರವನ್ನು ಹಂಚಿ ಕೊಡಬೇಕು.

1. ಮೊದಲು: ಕೆಲಸಕ್ಕೆ ಒಂದೆರಡು ಗಂಟೆ ಮುಂಚೆ ಎರಡು ಜೋಳದ ರೊಟ್ಟಿ, ಬೇಳೆ ಪಲ್ಯ, ಮೊಸರು ಸೂಕ್ತ. ನಸುಕಿನಲ್ಲಿ ಓಡುವವರು ಅರ್ಧ ಗಂಟೆ ಮೊದಲು ಒಂದು ಬಾಳೆಹಣ್ಣು ಅಥವಾ ಸ್ವಲ್ಪ ಚುರುಮುರಿ, ಬೆಲ್ಲ ತಿಂದರೆ ಸಾಕು. ಕರಿದ ತಿಂಡಿ ಬೇಡ.

2. ನಡುವೆ: ರಾಯಚೂರಿನ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬಾಯಾರುವವರೆಗೆ ಕಾಯದೆ ಪ್ರತಿ 15–20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ಬೆವರಿನೊಂದಿಗೆ ಹೋದ ಉಪ್ಪನ್ನು ಉಪ್ಪು ಬೆರೆಸಿದ ಮಜ್ಜಿಗೆ ಅಥವಾ ಜೋಳದ ಅಂಬಲಿ ತುಂಬಿಕೊಡುತ್ತದೆ. ಅತಿಯಾಗಿ ಬೆವರಿ ನಿತ್ರಾಣವಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಕುಡಿಸಬೇಕು. ಮೈ ಕಾದು ಮಾತು ತೊದಲಿದರೆ ಅಥವಾ ಪ್ರಜ್ಞೆ ತಪ್ಪಿದರೆ ಅದು ಉಷ್ಣಾಘಾತದ ಲಕ್ಷಣ. ನೆರಳಿಗೆ ಸಾಗಿಸಿ, ಮೈಗೆ ನೀರು ಹಾಕಿ, 108ಕ್ಕೆ ಕರೆ ಮಾಡಬೇಕು. ಪ್ರಜ್ಞೆಯಿಲ್ಲದವರಿಗೆ ಏನನ್ನೂ ಕುಡಿಸಬಾರದು.

3. ನಂತರ: ಶ್ರಮ ಮುಗಿದ ಎರಡು ಗಂಟೆಯೊಳಗೆ ಧಾನ್ಯ ಮತ್ತು ಸಸಾರಜನಕವಿರುವ ಊಟ ಮಾಡಬೇಕು. ಊಟ ತಡವಾದರೆ ಒಂದು ಹಿಡಿ ಹುರಿದ ಶೇಂಗಾ, ಬೆಲ್ಲ, ಒಂದು ಲೋಟ ಹಾಲು ಅಥವಾ ಎರಡು ಬೇಯಿಸಿದ ಮೊಟ್ಟೆ ತೆಗೆದುಕೊಳ್ಳಬಹುದು. ಏಳೆಂಟು ಗಂಟೆಗಳ ನಿದ್ರೆಯೂ ಚೇತರಿಕೆಯ ಭಾಗವೇ.

ಒಂದು ದಿನದ ಮಾದರಿ ಲೆಕ್ಕ (65 ಕೆ.ಜಿ. ತೂಕದವರಿಗೆ)

• ಜೋಳದ ಹಿಟ್ಟು 400 ಗ್ರಾಂ – ಸಸಾರಜನಕ ಸುಮಾರು 40 ಗ್ರಾಂ
• ಅಕ್ಕಿ 100 ಗ್ರಾಂ – 8 ಗ್ರಾಂ
• ತೊಗರಿ ಬೇಳೆ 80 ಗ್ರಾಂ – 17 ಗ್ರಾಂ
• ಹೆಸರು ಕಾಳು (ಮೊಳಕೆ ಬರಿಸುವ ಮೊದಲಿನ ತೂಕ) 40 ಗ್ರಾಂ – 9 ಗ್ರಾಂ
• ಶೇಂಗಾ 40 ಗ್ರಾಂ – 10 ಗ್ರಾಂ
• ಹಾಲು ಅಥವಾ ಮೊಸರು 300 ಮಿ.ಲೀ. – 9 ಗ್ರಾಂ

ಒಟ್ಟು ಸುಮಾರು 93 ಗ್ರಾಂ. ಎಣ್ಣೆ, ಬೆಲ್ಲ, ತರಕಾರಿ ಸೇರಿದರೆ ಶಕ್ತಿ ಸುಮಾರು 3,000 ಕಿಲೋ ಕ್ಯಾಲರಿ. ಕಾಳುಕಡಿಗಳ ಸಸಾರಜನಕ ಹಾಲು, ಮೊಟ್ಟೆಯದರಷ್ಟು ಪೂರ್ಣವಾಗಿ ಜೀರ್ಣವಾಗುವುದಿಲ್ಲ. ಅದನ್ನು ಕಳೆದರೂ ಓಟದ ಅಭ್ಯಾಸಕ್ಕೆ ಬೇಕಾದುದು ಇದರಲ್ಲಿದೆ. 2024ರ ರಾಷ್ಟ್ರೀಯ ಆಹಾರ ಮಾರ್ಗಸೂಚಿಯೂ ಪ್ರೋಟೀನ್ ಪುಡಿಗಳಿಂದ ದೂರವಿರಲು ಸಲಹೆ ನೀಡಿದೆ. ಮಧುಮೇಹ ಅಥವಾ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿ ಪ್ರಮಾಣ ನಿರ್ಧರಿಸಬೇಕು.

ಮಹಿಳೆಯರ ಊಟ

ನಾಟಿಯಲ್ಲಿ ಬಾಗಿ ದುಡಿದು ಬಂದ ಮಹಿಳೆ ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುತ್ತಾಳೆ. ಬೇಗ ದಣಿವು, ಏದುಸಿರು, ತಲೆಸುತ್ತು ಇದ್ದರೆ ಅದನ್ನು ಸೋಮಾರಿತನ ಎನ್ನದೆ ರಕ್ತಹೀನತೆಯ ಪರೀಕ್ಷೆ ಮಾಡಿಸಬೇಕು. ಪ್ರತಿ 100 ಗ್ರಾಂ ಸಜ್ಜೆಯಲ್ಲಿ ಸುಮಾರು 6 ಮಿ.ಗ್ರಾಂ, ಜೋಳದಲ್ಲಿ ಸುಮಾರು 4 ಮಿ.ಗ್ರಾಂ ಕಬ್ಬಿಣಾಂಶವಿದ್ದರೆ ಪಾಲಿಶ್ ಅಕ್ಕಿಯಲ್ಲಿ ಒಂದು ಮಿ.ಗ್ರಾಂಗಿಂತಲೂ ಕಡಿಮೆ. ‘ಧನಶಕ್ತಿ’ ಅಧಿಕ ಕಬ್ಬಿಣಾಂಶವುಳ್ಳ ಸಜ್ಜೆ ತಳಿ. ಸಜ್ಜೆ ರೊಟ್ಟಿ, ಸೊಪ್ಪಿನ ಪಲ್ಯದ ಜೊತೆ ನಿಂಬೆರಸ ಸೇವಿಸಿದರೆ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ. ಊಟಕ್ಕೆ ಒಂದು ಗಂಟೆ ಮುಂಚೆ ಮತ್ತು ನಂತರ ಚಹಾ ಕುಡಿಯಬಾರದು.

ಮನೆಗೆ ಎಷ್ಟು ಉಳಿಸಿಕೊಳ್ಳಬೇಕು?

ಐದು ಜನರ ಕುಟುಂಬಕ್ಕೆ ತಲಾ 70 ಗ್ರಾಂನಂತೆ ವರ್ಷಕ್ಕೆ ಸುಮಾರು 128 ಕೆ.ಜಿ. ಬೇಳೆ ಬೇಕು. ನೂರು ಕೆ.ಜಿ. ತೊಗರಿಗೆ 70 ಕೆ.ಜಿ. ಬೇಳೆ ದೊರೆಯುತ್ತದೆಂದು ಲೆಕ್ಕ ಹಿಡಿದರೆ ಎರಡು ಕ್ವಿಂಟಾಲ್ ತೊಗರಿ ಸಾಕು. ಮಾರಾಟಕ್ಕೆ ಮೊದಲೇ ಇದನ್ನು ಬೇರೆ ಇಡುವುದು ಒಳ್ಳೆಯದು. ಶೇಂಗಾ ಕಾಯಿಯನ್ನು ತೇವಾಂಶ ಶೇ. 8ಕ್ಕೆ ಇಳಿಯುವಂತೆ ಒಣಗಿಸಿ ಸಂಗ್ರಹಿಸಬೇಕು. ಬೂಸ್ಟು ಹಿಡಿದ, ಬಣ್ಣಗೆಟ್ಟ ಕಾಳುಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು. ಅವನ್ನು ಮನುಷ್ಯರಿಗೂ ದನಗಳಿಗೂ ಕೊಡಬಾರದು. ನೀರಾವರಿ ಜಮೀನಿನವರೂ ಬದುಗಳಲ್ಲಿ ತೊಗರಿ, ಹಿತ್ತಲಿನಲ್ಲಿ ನುಗ್ಗೆ, ಪುಂಡಿ, ನಿಂಬೆ ಬೆಳೆಯಬಹುದು.

ವಿಸ್ತರಣಾ ಕಾರ್ಯಕರ್ತರಿಗೆ

ಬಿತ್ತನೆ ಪೂರ್ವ ಸಭೆಗಳಲ್ಲಿ ಬೀಜ, ಗೊಬ್ಬರಗಳ ಲೆಕ್ಕದೊಂದಿಗೆ ಮನೆಯ ಬೇಳೆಕಾಳಿನ ಲೆಕ್ಕವನ್ನೂ ಬರೆಸಿರಿ. ಸ್ವಸಹಾಯ ಸಂಘಗಳ ಸಭೆಯಲ್ಲಿ ಮೇಲಿನ ಮಾದರಿ ಊಟವನ್ನು ತೂಗಿ ತೋರಿಸಿರಿ. ಹೆಚ್ಚಿನ ಮಾಹಿತಿಗಾಗಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.